ಎರಡು ಹೊಳೆಗಳ ನಡುವಣ ತೆಕ್ಕಲಕೋಟೆ

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ದಾರಿಯಲ್ಲಿ ತೆಕ್ಕಲಕೋಟೆಯ ಕಲ್ಲುಗುಡ್ಡಗಳನ್ನು ನೀವು ಕಂಡಿರಬಹುದು. 1963-64ರಲ್ಲಿ ಎಂ. ಎಸ್. ನಾಗರಾಜರಾವ್ ಅವರು ಇಲ್ಲಿ ಉತ್ಖನನ ನಡೆಸಿ, ಸುಮಾರು 3,500 ವರ್ಷಗಳ ಹಿಂದೆ ಇಲ್ಲಿದ್ದ ನವಶಿಲಾಯುಗದ ಜನರ ಬಾಳನ್ನು ಬೆಳಕಿಗೆ ತಂದರು. ಆ ಜನ ಗುಡ್ಡದ ಮೇಲೆ ನೆಲವನ್ನು ಸಮಮಾಡಿ, ಬಿದಿರ ತಡಿಕೆಗೆ ಮಣ್ಣು ಮೆತ್ತಿ, ದುಂಡನೆಯ ಗುಡಿಸಲುಗಳನ್ನು ಕಟ್ಟಿಕೊಂಡಿದ್ದರು. ನೆರೆಯ ಅಂಜಿಕೆಯಿಂದಲೇ ಅವರು ಮೇಲೇರಿದರೆಂದು ಹೇಳುವಂತಿಲ್ಲ. ಆದರೆ ಯಾವ ನೆರೆಯೂ ಅವರ ಒಲೆಯನ್ನು ಮುಟ್ಟುವಂತಿರಲಿಲ್ಲವೆಂಬುದು ನಿಜ.

ಕಾಲಕ್ರಮದಲ್ಲಿ ಜನ ಬಯಲಿಗಿಳಿದರು. ಪಶ್ಚಿಮಕ್ಕೆ ತುಂಗಭದ್ರೆ, ಪೂರ್ವಕ್ಕೆ ಹಗರಿಯೆಂದು ನಾವು ಕರೆಯುವ ವೇದಾವತಿ, ನಡುವೆ ಎರೆಭೂಮಿ. ಅನ್ನ ಕೊಡುವ ನೆಲ ಹೊಳೆಯ ಮಗ್ಗುಲಲ್ಲಿಯೇ ಇರುವಾಗ ಊರುಗಳೂ ಅಲ್ಲಿಯೇ ಬೆಳೆದದ್ದು ಸಹಜ.

ನಮ್ಮದು ಮಳೆ ಕಡಿಮೆಯಾದ ಸೀಮೆ. ಇಲ್ಲಿ ನೆರೆಯೆಲ್ಲಿಂದ ಬರಬೇಕೆಂದು ನೀವು ಕೇಳಬಹುದು. ತುಂಗಭದ್ರೆ ತುಂಬುವುದು ಮಲೆನಾಡಿನ ಮುಂಗಾರಿನಿಂದ. ಇಲ್ಲಿ ಬಿಸಿಲು ಕಾಯುತ್ತಿರುವಾಗಲೇ ಹೊಳೆ ದಡ ಮೀರಬಹುದು. ಆದಕಾರಣ ತಲೆಯ ಮೇಲಿನ ಮೋಡವನ್ನು ನೋಡಿ ಹೊಳೆಯನ್ನು ಅಳೆಯಬಾರದು.

ಹೊಸಪೇಟೆಯ ಬಳಿ ಕಟ್ಟಿದ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಂತಿತು. ಅದರಿಂದ ಬಯಲು ಹಸುರಾಯಿತು. ನೆರೆಯ ಭಯವೂ ತೊಲಗಿತೆಂದು ಹಲವರು ನಂಬಿದರು. ಆದರೆ ಜಲಾಶಯ ತುಂಬಿದ ಮೇಲೆ ಬಂದಷ್ಟು ನೀರನ್ನೂ ಕೆಳಕ್ಕೆ ಬಿಡಲೇಬೇಕು. ಮೊದಲು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಆ ಜಲಾಶಯ ಹೂಳು ತುಂಬಿ ಸುಮಾರು 105 ಟಿ.ಎಂ.ಸಿ.ಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಅದರ 33 ಗೇಟುಗಳಲ್ಲಿ 19ನೆಯದು ಸರಪಣಿ ತುಂಡಾಗಿ ಕೊಚ್ಚಿಹೋದಾಗ ನದೀಪಾತ್ರದ ಜನರೆಲ್ಲ ಎಚ್ಚರಗೊಳ್ಳಬೇಕಾಯಿತು.

ಅಣೆಕಟ್ಟಿನ ಕೆಳಗೆ ಸುರಿದ ಮಳೆಯನ್ನಂತೂ ಅಣೆಕಟ್ಟು ತಡೆಯಲಾರದು. 2009ರ ಸೆಪ್ಟೆಂಬರ್ ಕಡೆಯಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಈ ಒಣಸೀಮೆಯ ಮೇಲೆಯೇ ಮಳೆ ಸುರಿಯಿತು. ಅಕ್ಟೋಬರ್ 2ರ ಹೊತ್ತಿಗೆ ಕೆಳಗಣ ಮಂತ್ರಾಲಯವೂ ಕರ್ನೂಲೂ ಜಲಾವೃತವಾದವು. ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

ಹಗರಿಯ ಪಾಠ ಇನ್ನೊಂದು ಬಗೆಯದು. ವರ್ಷದ ಬಹುಭಾಗ ಅದು ಬರಿಯ ಮರಳು. ಅದಕ್ಕೆ ಮಾರಿಕಣಿವೆಯಲ್ಲಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತು. ಮತ್ತೆ ಬಿದ್ದದ್ದು 2022ರಲ್ಲಿ. ನಡುವಣ 89 ವರ್ಷಗಳಲ್ಲಿ ಹುಟ್ಟಿ, ಬೆಳೆದು, ಮುಪ್ಪಾದವರು ಕೋಡಿಯನ್ನೇ ಕಂಡವರಲ್ಲ. “ನಮ್ಮಪ್ಪನ ಕಾಲದಲ್ಲಿಯೂ ಇಲ್ಲಿಗೆ ನೀರು ಬಂದಿಲ್ಲ” ಎಂಬ ಮಾತು ಸತ್ಯವೇ ಇರಬಹುದು. ಆದರೆ ಅದು ರಕ್ಷೆಯಲ್ಲ. ಹೊಳೆಯ ಆಯುಷ್ಯ ನಮ್ಮ ಆಯುಷ್ಯಕ್ಕಿಂತ ದೊಡ್ಡದು.

ಆದುದರಿಂದ ನಿಮ್ಮ ಊರಿನ ಎತ್ತರದ ನೆಲ ಯಾವುದು, ರಾತ್ರಿಯ ವೇಳೆ ಅಲ್ಲಿಗೆ ಹೋಗುವ ದಾರಿ ಯಾವುದು ಎಂಬುದನ್ನು ಮಳೆಗಾಲಕ್ಕೆ ಮುಂಚೆಯೇ ಮನೆಮಂದಿಗೆಲ್ಲ ತಿಳಿಸಿರಿ. ಅಣೆಕಟ್ಟಿನಿಂದ ನೀರು ಬಿಡುವ ಸುದ್ದಿ ರೇಡಿಯೋದಲ್ಲಿಯೋ ಡಂಗುರದಲ್ಲಿಯೋ ಬಂದಾಗ ಪಂಪ್‌ಸೆಟ್ಟು ತರಲೆಂದು ಹೊಳೆಗಿಳಿಯದಿರಿ. ದನಗಳನ್ನು ಮೊದಲೇ ಮೇಲಕ್ಕೆ ಹೊಡೆಯಿರಿ. ಹೊತ್ತು ಮೀರಿದ್ದರೆ ಕಣ್ಣಿಯನ್ನಾದರೂ ಬಿಚ್ಚಿಬಿಡಿರಿ. ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ದಾಟಬೇಡಿರಿ. ರಭಸದ ನೀರು ಮೊಣಕಾಲಿಗೆ ಬಂದರೂ ಸಾಕು, ಗಟ್ಟಿಯಾಳೂ ನಿಲ್ಲಲಾರ. ಕೆಂಪುನೀರಿನಡಿಯಲ್ಲಿ ರಸ್ತೆ ಉಳಿದಿದೆಯೋ ಇಲ್ಲವೋ ಕಾಣುವುದೂ ಇಲ್ಲ.

ಕನ್ನಡದಲ್ಲಿ ನೆರೆಯೆಂದರೆ ಮಹಾಪೂರ. ನೆರೆಯೆಂದರೆ ಪಕ್ಕದ ಮನೆಯವರೂ ಹೌದು. ಮೊದಲನೆಯದು ಬರುವ ಸುದ್ದಿ ಕಿವಿಗೆ ಬಿದ್ದಾಗ ಎರಡನೆಯವರ ಬಾಗಿಲು ತಟ್ಟಿ, ಮುದುಕರನ್ನೂ ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಮೇಲೇರಿರಿ.