ಓದಿನಿಂದ ಹತ್ತುವ ಜಡ್ಡು

ವೈದ್ಯಕೀಯ ಓದುವ ಹುಡುಗರು ಯಾವ ಪಾಠ ನಡೆದಿದೆಯೋ ಆ ರೋಗವನ್ನೇ ತಮ್ಮ ಮೈಯಲ್ಲಿ ಹುಡುಕುತ್ತಾರೆ. ಕ್ಷಯದ ಪಾಠವಾದ ವಾರ ಸಾದಾ ಕೆಮ್ಮೂ ಕ್ಷಯ; ನರರೋಗದ ಪಾಠಕ್ಕೆ ಬಂದಾಗ ಕಣ್ಣೆವೆ ಅದುರಿದರೂ ನಿದ್ದೆ ಹಾರುತ್ತದೆ. ಅಮೆರಿಕದ ನರವೈದ್ಯ ಜಾರ್ಜ್ ಲಿಂಕನ್ ವಾಲ್ಟನ್ 1908ರಲ್ಲೇ ಇದನ್ನು ಬರೆದಿಟ್ಟ. ಬೀದರಿನಲ್ಲಿ ವೈದ್ಯಕೀಯ ಕಾಲೇಜು ಶುರುವಾದದ್ದು 2007ರಲ್ಲಿ; ಹಾಗಾಗಿ ಬಸವಕಲ್ಯಾಣ, ಹುಮನಾಬಾದಿನ ಮನೆಗಳಿಗೆ ಇದು ಕಾಲೇಜಿನ ಬೆನ್ನಿಗೆ ಬಂದ ಹೊಸ ಅಂಜಿಕೆ ಅನ್ನಿಸಬಹುದು. ಆದರೆ ರೋಗಿಯ ಮುಖ ಕಾಣುವ ಮೊದಲೇ ರೋಗದ ಹೆಸರು ಬಾಯಿಪಾಠವಾದಲ್ಲೆಲ್ಲ ಇದು ಹುಟ್ಟುತ್ತದೆ, ಅದಕ್ಕೆ ಬೇಕಾದ ಸಾಮಗ್ರಿ ಈ ನೆಲದಲ್ಲಿ ಹಳೆಯದು ಎಂಬುದು ನನ್ನ ವಾದ.

ಇಂದಿನ ಬಸವಕಲ್ಯಾಣವೇ ಆದ ಚಾಲುಕ್ಯರ ಕಲ್ಯಾಣಕ್ಕೆ ರೋಗದ ಭಯ ಅರಮನೆಯಿಂದಲೇ ಗೊತ್ತಿತ್ತು. ಇದನ್ನು ರಾಜಧಾನಿ ಮಾಡಿಕೊಂಡ ಒಂದನೆಯ ಸೋಮೇಶ್ವರ, ಜ್ವರ ಇಳಿಯದೆ, 1068ರಲ್ಲಿ ಕುರುವತ್ತಿಯ ಬಳಿ ತುಂಗಭದ್ರೆಗಿಳಿದು ಪ್ರಾಣ ಬಿಟ್ಟ. ಕವಿ ಬಿಲ್ಹಣ ಅದನ್ನು ಕಾವ್ಯವಾಗಿಸಿದ. ಅದೇ ಮನೆತನದ ಕೀರ್ತಿವರ್ಮ ಕನ್ನಡದಲ್ಲಿ 'ಗೋವೈದ್ಯ' ಬರೆದ. ಆ ಕಾಲದ ಆಯುರ್ವೇದಕ್ಕೆ ಆಧಾರವಾಗಿದ್ದ ಚರಕ ಸಂಹಿತೆಯಲ್ಲಿ ಇಂದ್ರಿಯಸ್ಥಾನದ 12 ಅಧ್ಯಾಯಗಳೂ ಸಾವಿನ ಮುನ್ಸೂಚನೆಗಳಿಗೇ ಮೀಸಲು: ಮೈಬಣ್ಣ, ದನಿ, ನೆರಳು, ಕನಸು. ಇದನ್ನು ಉರು ಹೊಡೆದ ಹುಡುಗ ರಾತ್ರಿ ದೀಪದೆದುರು ತನ್ನ ನೆರಳನ್ನು ಒಮ್ಮೆಯಾದರೂ ಅಳೆಯದೆ ಇದ್ದಾನೆಯೇ? ಆಗ ವೈದ್ಯ ಮನೆತನದ ಕಸುಬು, ಮಗ ಅಪ್ಪನ ರೋಗಿಗಳ ನಡುವೆಯೇ ಬೆಳೆಯುತ್ತಿದ್ದ, ಅಂಜಿಕೆಗೆ ಎಡೆಯೆಲ್ಲಿ ಎಂದು ಕೇಳಬಹುದು. ಆ ಮಾತು ನನ್ನ ವಾದಕ್ಕೇ ಒದಗುತ್ತದೆ. ಜ್ವರ ಏರುವುದನ್ನಷ್ಟೇ ಅಲ್ಲ, ಇಳಿಯುವುದನ್ನೂ ಅವನು ಕಂಡಿರುತ್ತಿದ್ದ. ಬರೀ ಶಾಸ್ತ್ರ ಓದಿದವನನ್ನು ಸುಶ್ರುತ ರಣರಂಗದ ಹೇಡಿಗೆ ಹೋಲಿಸಿ, ಕುಂಬಳ, ಸೌತೆಗಳ ಮೇಲೆ ಕತ್ತರಿಸುವ ಕೈ ಪಳಗಿಸಲು ಹೇಳಿದ್ದು ಸುಮ್ಮನಲ್ಲ.

ರೋಗಿ ಮೊದಲು, ಪುಸ್ತಕ ಆಮೇಲೆ ಎಂಬ ಆ ಕ್ರಮ ತಿರುವುಮುರುವಾದದ್ದು ಈ ಸೀಮೆ ನಿಜಾಮರ ಕೈಯಲ್ಲಿದ್ದ ಕಾಲದಲ್ಲಿ. 1846ರಲ್ಲಿ ಹೈದರಾಬಾದಿನಲ್ಲಿ ವೈದ್ಯಶಾಲೆ ತೆರೆಯಿತು, ಪಾಠ ಉರ್ದುವಿನಲ್ಲಿ. ಮುಂದೆ ಇಂಗ್ಲಿಷೂ ಬಂತು. ಕಲಬುರಗಿಯಲ್ಲಿ ಮಹಾದೇವಪ್ಪ ರಾಂಪುರೆ ಕಾಲೇಜು ಆದದ್ದು 1963ರಲ್ಲಿ. ಅಲ್ಲಿಯವರೆಗೆ ಈ ಸೀಮೆಗೆ ಹೆಚ್ಚಾಗಿ ಹೈದರಾಬಾದೇ ದಾರಿ. ಹುಮನಾಬಾದಿನ ಮನೆಯಲ್ಲಿ 'ಜಡ್ಡು', 'ಹೊಟ್ಟೆಬೇನೆ' ಎಂದರೆ ಮುಗಿಯಿತು. ಎರಡು ದಿನ ಗಂಜಿ ಕುಡಿದು ಎದ್ದರಾಯಿತು. ಪುಸ್ತಕದಲ್ಲಿ ಅದೇ ಹೊಟ್ಟೆಬೇನೆಗೆ ಹತ್ತಾರು ಹೆಸರು, ಕೆಲವಕ್ಕೆ ಸಾವೇ ಕೊನೆ. ಮನೆಯ ಮಾತಿಗೂ ಪುಸ್ತಕದ ಹೆಸರಿಗೂ ನಡುವಿನ ಆ ಕಂದಕದಲ್ಲಿ ಕಾಲಿಟ್ಟವನು ಬೆದರುವುದು ಸಹಜ.

ದೊಡ್ಡ ಆಕ್ಷೇಪಣೆ ಬೇರೆಯೇ ಇದೆ. 1960ರ ದಶಕದ ಉತ್ತರ ಅಮೆರಿಕದ ಅಧ್ಯಯನಗಳು ವೈದ್ಯವಿದ್ಯಾರ್ಥಿಗಳಲ್ಲಿ ಬಹುಪಾಲು ಜನರಿಗೆ ಈ ಭಯವಿದೆ ಎಂದವು. ಆದರೆ 1986ರಲ್ಲಿ ರಾಬರ್ಟ್ ಕೆಲ್ನರ್ ಮತ್ತು ಸಂಗಡಿಗರು ಕಾನೂನು ವಿದ್ಯಾರ್ಥಿಗಳನ್ನು ಪಕ್ಕದಲ್ಲಿಟ್ಟು ನೋಡಿದಾಗ ವೈದ್ಯರಾಗುವವರ ಭಯ ಹೆಚ್ಚಿನದೇನೂ ಆಗಿರಲಿಲ್ಲ. ಹಾಗಾದರೆ ಇಡೀ ಕತೆಯೇ ಸುಳ್ಳೇ? ಪೂರ್ತಿ ಅಲ್ಲ. ಅಂಜಿಕೆಯ ತೂಕ ಒಂದೇ ಇದ್ದರೂ ವಕೀಲನಾಗುವವನಿಗೆ ಅದು ತಲೆನೋವು, ವೈದ್ಯನಾಗುವವನಿಗೆ ಮೆದುಳಿನ ಗೆಡ್ಡೆ. ಹೆಸರು ಕೊಟ್ಟದ್ದು ಪಠ್ಯ. ಈ ಹುಡುಗರಿಗೆ ಅದೊಂದು ರೋಗವೆಂದು ಹಣೆಪಟ್ಟಿ ಹಚ್ಚುವುದು ಮಾತ್ರ ತಪ್ಪು.

ವೈದ್ಯನ ಕಣ್ಣು ತನ್ನತ್ತಲೇ ತಿರುಗುವುದು ಹೊಸತೂ ಅಲ್ಲ. ಹನ್ನೆರಡನೆಯ ಶತಮಾನದ ಶರಣ, ಕಸುಬಿನಿಂದ ವೈದ್ಯನಾಗಿದ್ದ ಸಂಗಣ್ಣ, 'ಮರುಳಶಂಕರಪ್ರಿಯ ಸಿದ್ಧರಾಮೇಶ್ವರಲಿಂಗ' ಅಂಕಿತದ ವಚನಗಳಲ್ಲಿ ವೈದ್ಯದ ಪರಿಭಾಷೆಯನ್ನೇ ಭಕ್ತಿಗೆ ತಂದ. ಅದು ರೂಪಕ, ರೋಗಭಯದ ಸಾಕ್ಷಿಯಲ್ಲ ಎಂದರೆ ಒಪ್ಪುತ್ತೇನೆ. ಆದರೆ ದಿನವಿಡೀ ಪರರ ಮೈಯಲ್ಲಿ ಬೇನೆ ಹುಡುಕುವ ಕಣ್ಣನ್ನು ಅವನು ಒಳಕ್ಕೂ ತಿರುಗಿಸಿದ. ಹಾಸ್ಟೆಲ್ ಕೋಣೆಯಲ್ಲಿ ನಡುರಾತ್ರಿ ತನ್ನ ನಾಡಿ ತಾನೇ ಹಿಡಿದು ಕೂತ ಹುಡುಗನ ಕೈಯಲ್ಲಿರುವುದೂ ಅದೇ ಕಸುಬು, ಇನ್ನೂ ಪಳಗಿಲ್ಲ ಅಷ್ಟೇ.