ಹೆಚ್ಚು ಹಾಡದ ಸುಳಾದಿಗಳು

ನಾನು ಹುಡುಗನಾಗಿದ್ದಾಗ ದೇವದುರ್ಗದ ನಮ್ಮ ಓಣಿಯಲ್ಲಿ ಕಾರ್ತೀಕ ಶುದ್ಧ ದಶಮಿಯ ರಾತ್ರಿ ಎರಡು ಸಂಗತಿಗಳು ತಪ್ಪದೆ ನಡೆಯುತ್ತಿದ್ದವು. ಮೊದಲನೆಯದು ವಿಜಯದಾಸರ ಆರಾಧನೆಯ ಭಜನೆ. ಎರಡನೆಯದು ಭಜನೆ ಮುಗಿದ ಮೇಲಿನ ಜಗಳ. ನಮ್ಮ ತಂದೆಯ ದಾಯಾದಿಗಳೊಬ್ಬರಿದ್ದರು, ನಾವೆಲ್ಲ ಕಾಕಾ ಎಂದು ಕರೆಯುತ್ತಿದ್ದೆವು. ದಾಸರ ನಿಜವಾದ ಸತ್ತ್ವವಿರುವುದು ಸುಳಾದಿಗಳಲ್ಲಿ ಎಂಬುದು ಅವರ ಪಕ್ಷ. ಎದುರಿಗೆ ಶಾಲೆಯ ಮಾಸ್ತರರು. ‘ಕಾಕಾ, ಸುಳಾದಿ ಅಂದ್ರ ತಾಳ ಹಾಕಿದ ಶಾಸ್ತ್ರರೀ. ಕಾವ್ಯ ಬೇಕಂದ್ರ ಪದ ಹಾಡ್ರಿ’ ಎಂದು ಅವರು ಕೆಣಕುತ್ತಿದ್ದರು. ಪಾನಕದ ಪಾತ್ರೆ ಬರಿದಾದರೂ ವಾದ ಮುಗಿಯುತ್ತಿರಲಿಲ್ಲ. ದಾಸರನ್ನು ಒಲ್ಲದವರಿಗೆ ಈ ಜಗಳ ಬೇಕಿರಲಿಲ್ಲ. ಒಬ್ಬನೇ ಕವಿಯನ್ನು ಸಮಾನವಾಗಿ ಪ್ರೀತಿಸಿದವರು ಮಾತ್ರ ಆತನ ಯಾವ ಕೃತಿ ಮೇಲು, ಯಾವುದು ಕೀಳು ಎಂದು ಇಷ್ಟು ಹಠದಿಂದ ಕಾದಾಡಬಲ್ಲರು ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ಹರಿದಾಸ ಸಾಹಿತ್ಯದ ಎರಡನೆಯ ಘಟ್ಟವು ರಾಯಚೂರು ಸೀಮೆಯದು. ತುಂಗಭದ್ರೆಯ ದಂಡೆಯ ಚೀಕಲಪರ್ವಿ ಮಾನವಿ ತಾಲ್ಲೂಕಿನ ಊರು. 1682ರಲ್ಲಿ ವಿಜಯದಾಸರು ಅಲ್ಲಿ ಜನಿಸಿದರು. ದೇವದುರ್ಗ ತಾಲ್ಲೂಕಿನ ಮೊಸರಕಲ್ಲು ಅವರ ಶಿಷ್ಯ ಗೋಪಾಲದಾಸರ ಊರು. ಮಾನವಿ ತಾಲ್ಲೂಕಿನ ಬ್ಯಾಗವಟ್ಟಿನಲ್ಲಿ 1728ರಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರೇ ಮುಂದೆ ಜಗನ್ನಾಥದಾಸರಾದರು. ನಿಜಾಮರ ಆಳ್ವಿಕೆ ಬೇರೂರುತ್ತಿದ್ದ ಆ ಕಾಲದಲ್ಲಿ, ರಾಜಾಶ್ರಯವನ್ನು ನೆಚ್ಚದೆ, ಮೂರು ಹಳ್ಳಿಗಳ ಮೂವರು ಗುರುಶಿಷ್ಯ ಪರಂಪರೆಯೊಂದನ್ನು ಕಟ್ಟಿ, ಎರಡು ಶತಮಾನಗಳ ಹಿಂದಿನ ಪುರಂದರದಾಸರ ದಾರಿಯನ್ನು ಮತ್ತೆ ತೆರೆದರು.

ಸುಳಾದಿಯೆಂದರೇನು? ಪದಕ್ಕೆ ಪಲ್ಲವಿಯುಂಟು, ಹಾಡುವವನು ಎಷ್ಟು ದೂರ ಹೋದರೂ ಪಲ್ಲವಿಗೆ, ಅಂದರೆ ತನ್ನ ಮನೆಗೆ, ಮರಳುತ್ತಾನೆ. ಸುಳಾದಿಗೆ ಪಲ್ಲವಿಯಿಲ್ಲ. ಧ್ರುವ, ಮಟ್ಟ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಮೊದಲಾದ ತಾಳಗಳಲ್ಲಿ ನುಡಿಯಿಂದ ನುಡಿಗೆ ತಾಳ ಬದಲಾಗುತ್ತ ವಿಚಾರ ಮುಂದೆ ಸಾಗುತ್ತದೆ. ಪ್ರತಿ ನುಡಿಯ ಕೊನೆಗೂ ದಾರಿಯ ಕೈಕಂಬದಂತೆ ಅಂಕಿತ ನಿಂತಿರುತ್ತದೆ. ಕಟ್ಟಕಡೆಗೆ ಎರಡು ಸಾಲಿನ ಜತೆ. ಶ್ರೀಪಾದರಾಜರ, ವ್ಯಾಸರಾಯರ ಕಾಲದಿಂದಲೂ ಬಂದ ಈ ರೂಪವನ್ನು ವಿಜಯದಾಸರು ಎಷ್ಟು ವಿಪುಲವಾಗಿ ಬೆಳೆಸಿದರೆಂದರೆ ಸುಳಾದಿಯೆಂದೊಡನೆ ಅವರ ಹೆಸರೇ ನೆನಪಾಗುವಂತಾಯಿತು. ಅವರು ಮೂರು ಸಲ ಕಾಶಿಯಾತ್ರೆ ಮಾಡಿದರೆಂದು ಐತಿಹ್ಯ ಹೇಳುತ್ತದೆ. ಕ್ಷೇತ್ರಗಳನ್ನೂ ನದಿಗಳನ್ನೂ ಕುರಿತು ಹಾಡುತ್ತ ನಡೆದ ಆ ಸಂಚಾರಿಗೆ ಹಿಂದಿರುಗದೆ ಮುಂದುವರಿಯುವ ಈ ರೂಪ ಒಪ್ಪಿದ್ದರಲ್ಲಿ ಆಶ್ಚರ್ಯವೇನು?

ಆದರೂ ಜನ ಒಲಿದದ್ದು ಪದಗಳಿಗೆ. ಇದಕ್ಕೆ ರುಚಿಯೊಂದೇ ಕಾರಣವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ದಾಸರ ಹಾಡುಗಳು ಅಚ್ಚಿಗೆ ಬರತೊಡಗಿದಾಗ ಚಿಕ್ಕ ಪದಗಳು ಚಿಕ್ಕ ಪುಸ್ತಕಗಳಿಗೆ ಹೊಂದಿಕೊಂಡವು. ಅನಂತರ ಗ್ರಾಮಫೋನು ಬಂದಿತು. ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಹೆಚ್ಚುಕಡಮೆ ಮೂರೂವರೆ ನಿಮಿಷದ ಸಂಗೀತ. ಐದಾರು ತಾಳಗಳ ಸುಳಾದಿ ಅದರಲ್ಲಿ ಅಡಗೀತೆ? ಕಛೇರಿಯಲ್ಲಿಯೂ ಗಂಭೀರ ಗಾಯನ ಮುಗಿದ ಮೇಲೆ ಸಭಿಕರನ್ನು ತಣಿಸಲು ಪದವೇ ಅನುಕೂಲ. ಭೀಮಸೇನ ಜೋಶಿಯವರ ದಾಸವಾಣಿ ಕನ್ನಡ ಬಾರದವರ ಮನೆಗಳನ್ನೂ ಮುಟ್ಟಿತು. ಅದು ನಮ್ಮ ಭಾಗ್ಯ. ಆದರೆ ಆ ಬೆಳಕು ಪದದ ಮೇಲೆ ಬಿದ್ದಷ್ಟೂ ಸುಳಾದಿ ನೆರಳಿಗೆ ಸರಿಯಿತು.

ಕೃತಿಗಳೊಳಗಿನ ಈ ಭೇದ ಜಗನ್ನಾಥದಾಸರಿಗೂ ತಪ್ಪಲಿಲ್ಲ. ಭಾಮಿನಿ ಷಟ್ಪದಿಯಲ್ಲಿ ಅವರು ರಚಿಸಿದ ಹರಿಕಥಾಮೃತಸಾರಕ್ಕೆ 32 ಸಂಧಿಗಳು. ಕರುಣಾ ಸಂಧಿ ಬಾಯಿಪಾಠವಿರುವ ಎಷ್ಟೋ ಮನೆಗಳುಂಟು. ದೇಹದ 72,000 ನಾಡಿಗಳ ಲೆಕ್ಕವನ್ನು ಎತ್ತಿಕೊಳ್ಳುವ ನಾಡೀಪ್ರಕರಣ ಸಂಧಿಗೆ ಆ ಭಾಗ್ಯವಿಲ್ಲ. ಹೆಂಗಸರ ಕುಟ್ಟುವ ಹಾಡಿನ ಧಾಟಿಯನ್ನು ನೆನಪಿಸುವ, ತ್ರಿಪದಿಯ ತತ್ತ್ವಸುವ್ವಾಲಿಯೋ ಹರಿಕಥಾಮೃತಸಾರದ ಪ್ರಭೆಯಲ್ಲಿ ಮಂಕಾಗಿ ಕಾಣುತ್ತದೆ. ಹಿರಿಯ ಕೃತಿಯೊಂದನ್ನು ಬರೆದವನ ಉಳಿದ ಕೃತಿಗಳು ಪಡುವ ಪಾಡು ಎಲ್ಲ ದೇಶಗಳಲ್ಲಿಯೂ ಒಂದೇ. ಯುರೋಪಿನ ಬೀಥೋವನನ ಕೊನೆಗಾಲದ ತಂತೀವಾದ್ಯ ಚತುಷ್ಕಗಳು ಸಮಕಾಲೀನರಲ್ಲಿ ಅನೇಕರಿಗೆ ಒಗಟಾಗಿಯೇ ಉಳಿದವಷ್ಟೆ.

ಮಾಸ್ತರರ ಪಕ್ಷಕ್ಕೂ ನ್ಯಾಯ ಸಲ್ಲಬೇಕು. ವಿಜಯದಾಸರು 25,000 ಕೃತಿಗಳನ್ನು ರಚಿಸಿದರೆಂಬುದು ಸಂಪ್ರದಾಯದ ಮಾತು. ನಮಗೆ ದೊರೆತಿರುವುದು ಅದರ ಅಲ್ಪಭಾಗ. ದೊರೆತುದರಲ್ಲಿಯೂ ಎಲ್ಲವೂ ಕಾವ್ಯವೆಂದರೆ ಅದು ಭಕ್ತಿಯ ಮಾತಾದೀತು, ವಿಮರ್ಶೆಯ ಮಾತಾಗದು. ಹೆಸರುಗಳ ಸಾಲು, ಪ್ರಮೇಯಗಳ ಪುನರುಕ್ತಿ, ತಾರತಮ್ಯದ ಎಣಿಕೆ ಇವು ಓದುಗನನ್ನು ದಣಿಸುವುದುಂಟು. ಆದರೆ ಸುಳಾದಿಯೆಂಬ ರೂಪವೇ ಜನರಿಗೆ ಒಗ್ಗದೆಂಬ ವಾದವನ್ನು ನಾನು ಒಪ್ಪಲಾರೆ. ಅವರ ದುರ್ಗಾ ಸುಳಾದಿಯನ್ನು ನೋಡಿ. ಇಂದಿಗೂ ನಮ್ಮ ಹೆಣ್ಣುಮಕ್ಕಳು ಅದನ್ನು ಮನೆಮನೆಯಲ್ಲಿ ಹೇಳುತ್ತಾರೆ. ಅದು ಸುಲಭವೆಂದು ಉಳಿಯಲಿಲ್ಲ; ದಿನವೂ ನಾಲಗೆಯ ಮೇಲೆ ಆಡಿತೆಂದು ಉಳಿಯಿತು. ಕೇಳಿ ಬೇಡವೆಂದು ಬಿಟ್ಟ ಕೃತಿ ಬೇರೆ, ಕೇಳದೆಯೇ ಬಿಟ್ಟ ಕೃತಿ ಬೇರೆ. ಸುಳಾದಿಗಳಲ್ಲಿ ಬಹುಪಾಲು ಎರಡನೆಯ ಗುಂಪಿನವು.

ಈ ಮಾತನ್ನು ನಾನು ಅಧಿಕಾರದಿಂದಲ್ಲ, ಅಪರಾಧಿಯಾಗಿ ಆಡುತ್ತಿದ್ದೇನೆ. ಅಧ್ಯಾಪಕನಾಗಿದ್ದಾಗ ಪದವಿ ತರಗತಿಗಳಿಗೆಂದು ದಾಸ ಸಾಹಿತ್ಯದ ಸಂಕಲನವೊಂದನ್ನು ಸಿದ್ಧಪಡಿಸಿದೆ. ವಿದ್ಯಾರ್ಥಿಗಳಿಗೆ ಕಠಿಣವಾದೀತೆಂದು ಸುಳಾದಿಗಳನ್ನು ಕೈಬಿಟ್ಟೆ. ಮಾನವಿಯ ವೃದ್ಧೆಯೊಬ್ಬರು ಅದನ್ನು ಮೊಮ್ಮಗನ ಕೈಯಲ್ಲಿ ಓದಿಸಿ ಕೇಳಿ, ನಾನು ಅವರ ಮನೆಗೆ ಹೋದಾಗ ಹೀಗೆಂದರು: ‘ಏನಪಾ ಮಾಸ್ತರ, ನಿನ್ನ ಪುಸ್ತಕದಾಗ ದಾಸರು ಮನ್ಯಾಗ ಕೂತಾರ. ಅವರು ನಡದಾಡಿದ್ದೆಲ್ಲ ಎಲ್ಲಿ ಹೋತು?’ ನನ್ನಲ್ಲಿ ಉತ್ತರವಿರಲಿಲ್ಲ. ಆಕೆ ತೊಡೆಯ ಮೇಲೆ ತಾಳ ಹಾಕುತ್ತ ಕ್ಷೇತ್ರ ಸುಳಾದಿಯೊಂದನ್ನು ಮೊದಲಿನಿಂದ ಜತೆಯವರೆಗೆ ಹಾಡಿದರು. ಅಚ್ಚಿನಲ್ಲಿ ನನಗೆ ಊರು ದೇವರುಗಳ ಬರಿಯ ಪಟ್ಟಿಯಾಗಿ ಕಂಡಿದ್ದುದು ತಾಳ ಬದಲಾದಂತೆಲ್ಲ ನಡಿಗೆಯಾಯಿತು. ಝಂಪೆಯಲ್ಲಿ ಏರಿದ ದಾರಿ ತ್ರಿಪುಟದಲ್ಲಿ ಬಯಲಿಗಿಳಿಯಿತು. ಕಾಕಾ ಏನನ್ನು ವಾದಿಸುತ್ತಿದ್ದರೆಂಬುದು ಅಂದು ಅರ್ಥವಾಯಿತು, ಹೇಳೋಣವೆಂದರೆ ಅವರಿರಲಿಲ್ಲ.

ಶ್ರೀನಿವಾಸಾಚಾರ್ಯರು ಸಂಸ್ಕೃತದ ದೊಡ್ಡ ಪಂಡಿತರು. ವಿಜಯದಾಸರ ಕನ್ನಡದ ಹಾಡುಗಳನ್ನು ಹಗುರಾಗಿ ಕಂಡರು. ಬಳಿಕ ಉದರವ್ಯಾಧಿಯಿಂದ ನರಳಿದಾಗ ವಿಜಯದಾಸರು ಅವರನ್ನು ಗೋಪಾಲದಾಸರಲ್ಲಿಗೆ ಕಳುಹಿದರು, ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಧಾರೆಯೆರೆದರು ಎಂಬುದು ನಮ್ಮ ಕಡೆಯ ಮಕ್ಕಳಿಗೂ ಗೊತ್ತಿರುವ ಕಥೆ. ಇತಿಹಾಸ ಕೊಡುವುದು ಇಸವಿಗಳನ್ನಷ್ಟೆ: ವಿಜಯದಾಸರು 1755ರಲ್ಲಿ ಚಿಪ್ಪಗಿರಿಯಲ್ಲಿ ತೀರಿಕೊಂಡರು, ಗೋಪಾಲದಾಸರು 1762ರಲ್ಲಿ, ಜಗನ್ನಾಥದಾಸರು 1809ರಲ್ಲಿ. ಆದರೆ ಕಥೆಯ ಒಳಮಾತು ಬೇರೆ. ಕೀಳೆಂದು ತಳ್ಳಿದವನೇ ಅದೇ ಕನ್ನಡದಲ್ಲಿ ಹಾಡಬೇಕಾಯಿತು. ಆ ಹಾಡಿಗೆ ಬೇಕಾದ ವರ್ಷಗಳನ್ನು ಬೇರೊಬ್ಬರು ಕೊಟ್ಟರು. ಕೃತಿಗಳ ಮಾತೂ ಹೀಗೆಯೇ ಅಲ್ಲವೆ? ತಮ್ಮ ಆಯುಷ್ಯದ ಒಂದು ಪಾಲನ್ನು ಯಾರಾದರೂ ಅವುಗಳಿಗೆ ಎರೆದರೆ ಮಾತ್ರ ಅವು ಬದುಕುತ್ತವೆ.

ಲಿಂಗಸುಗೂರಿನ ಗೊರೇಬಾಳ ಹನುಮಂತರಾಯರು ಹಾಗೆ ಎರೆದವರು. ಶ್ರೀ ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದ ಮೂಲಕ ಅವರು ಹಸ್ತಪ್ರತಿಗಳನ್ನು ಶೋಧಿಸಿ ಅಚ್ಚು ಹಾಕಿಸಿದ್ದರಿಂದ ಸುಳಾದಿಗಳ ಪಾಠ ನಮಗೆ ಉಳಿದಿದೆ. ರಾಗ ತಾಳಗಳ ಹೆಸರುಗಳೂ ಉಳಿದಿವೆ. ಆದರೆ ಹೆಸರು ಧಾಟಿಯಲ್ಲ. ಧಾಟಿ ಇರುವುದು ಕಂಠದಲ್ಲಿ, ಕಂಠಕ್ಕೆ ಕಾಲಮಿತಿಯುಂಟು. ಮಾನವಿಯ ಆ ತಾಯಿಗೆ ಹತ್ತು ಹನ್ನೆರಡು ಸುಳಾದಿಗಳ ಧಾಟಿ ಬರುತ್ತಿತ್ತು. ಅವರಿಂದ ನಾನು ಕಲಿತದ್ದು ಎರಡು. ‘ಮುಂದಿನ ಶ್ರಾವಣಕ್ಕ ಬಾ, ಉಳಿದದ್ದು ಹೇಳಿಕೊಡ್ತೀನಿ’ ಎಂದಿದ್ದರು. ಶ್ರಾವಣ ಬಂದಿತು, ಅವರಿರಲಿಲ್ಲ.

ಮೇಲು ಕೀಳಿನ ಜಗಳ ನಡೆಯಲಿ. ಅದು ಪ್ರೀತಿಯ ಲಕ್ಷಣ. ಆದರೆ ತೀರ್ಪು ಕೊಡುವ ಮೊದಲು ಒಮ್ಮೆ ಹಾಡಿಸಿ ಕೇಳೋಣ. ನನ್ನ ಧ್ವನಿ ಈಗ ಒಡೆದಿದೆ. ಆದರೂ ಆ ಎರಡು ಸುಳಾದಿಗಳನ್ನು ದಿನಕ್ಕೊಮ್ಮೆ ಹಾಡುತ್ತೇನೆ. ಪಕ್ಕದ ಮನೆಯ ಹುಡುಗಿಯೊಬ್ಬಳು ಬಂದು ಕೂಡುತ್ತಾಳೆ. ಅಟ್ಟತಾಳದಲ್ಲಿ ನಾನು ತಪ್ಪಿದರೆ ನಗುತ್ತಾಳೆ. ತಪ್ಪು ತಿಳಿಯುವಷ್ಟು ಅವಳಿಗೆ ಬಂದಿದೆ.