ಧ್ವನಿಸುರುಳಿಯಲ್ಲಿ ಉಳಿದ ದನಿಗಳು

1934ರ ಮೇ 31ರಂದು ಈಜಿಪ್ಟಿನ ಸರಕಾರಿ ಬಾನುಲಿ ಕೈರೋ ನಗರದಿಂದ ತನ್ನ ಪ್ರಸಾರವನ್ನು ಆರಂಭಿಸಿದಾಗ ಮೊದಲು ಕೇಳಿಬಂದದ್ದು ಶೈಖ್ ಮುಹಮ್ಮದ್ ರಿಫ್‌ಅತ್ ಅವರ ಕುರ್‌ಆನ್ ಪಾರಾಯಣ. ಅಂದು ಅವರು ಓದಿದ್ದು ಅಲ್ ಫತ್‌ಹ್ ಅಧ್ಯಾಯದ ಆರಂಭದ ಸೂಕ್ತಗಳನ್ನು. 1882ರಲ್ಲಿ ಕೈರೋದಲ್ಲೇ ಜನಿಸಿ, ಎಳವೆಯಲ್ಲೇ ದೃಷ್ಟಿ ಕಳೆದುಕೊಂಡಿದ್ದ ಈ ಖಾರಿ ಬಾನುಲಿಯಲ್ಲಿ ಓದಲು ಕೂಡಲೇ ಒಪ್ಪಿದವರಲ್ಲ. ಜನರು ಎಲ್ಲೆಲ್ಲಿ, ಯಾವ ಸ್ಥಿತಿಯಲ್ಲಿ ಕುಳಿತು ಆಲಿಸುವರೋ, ಅಲ್ಲಾಹನ ವಚನಕ್ಕೆ ಅಗೌರವವಾದೀತೋ ಎಂಬ ಅಳುಕು ಅವರಿಗಿತ್ತು. ಅಝ್‌ಹರ್‌ನ ವಿದ್ವಾಂಸರಲ್ಲಿ ಕೇಳಿ, ಅದು ಅನುಮತಾರ್ಹವೆಂಬ ಉತ್ತರ ಪಡೆದ ಬಳಿಕವೇ ಅವರು ಧ್ವನಿವರ್ಧಕದ ಮುಂದೆ ಕುಳಿತರು.

ಆ ಕಾಲದ ಬಾನುಲಿ ಪಾರಾಯಣಗಳು ಬಹುಪಾಲು ನೇರಪ್ರಸಾರಗಳು. ಓದು ಮುಗಿದರೆ ದನಿಯೂ ಮುಗಿಯಿತು. 1940ರ ದಶಕದ ಆರಂಭದಲ್ಲಿ ಗಂಟಲಿನ ಕಾಯಿಲೆ ಶೈಖ್ ರಿಫ್‌ಅತ್‌ರ ಓದನ್ನು ನಿಲ್ಲಿಸಿತು. 1950ರಲ್ಲಿ ಅವರು ಇಹಲೋಕ ತ್ಯಜಿಸಿದರು. ಇಂದು ನಾವು ಅವರ ದನಿಯನ್ನು ಕೇಳುತ್ತೇವೆಂದರೆ ಅದಕ್ಕೆ ಮುಖ್ಯ ಕಾರಣ ಝಕರಿಯ್ಯಾ ಮಹ್ರಾನ್ ಪಾಶಾ ಎಂಬ ಓರ್ವ ಅಭಿಮಾನಿ ಶ್ರೋತೃ. ಬಾನುಲಿಯಲ್ಲಿ ಪಾರಾಯಣ ಬಂದಾಗಲೆಲ್ಲ ಅವರು ಅದನ್ನು ಧ್ವನಿಮುದ್ರಿಕೆಯ ತಟ್ಟೆಗಳಿಗೆ ಇಳಿಸಿಕೊಳ್ಳುತ್ತಿದ್ದರು. ತಟ್ಟೆಯ ಒಂದು ಬದಿಯಲ್ಲಿ ಹಿಡಿಯುವುದು ಕೆಲವೇ ನಿಮಿಷಗಳ ಓದು. ಕರಕರ ಸದ್ದು ಬೇರೆ. ಆ ತಟ್ಟೆಗಳಿಂದ ಟೇಪಿಗೆ, ಟೇಪಿನಿಂದ ಕ್ಯಾಸೆಟ್ಟಿಗೆ, ಕ್ಯಾಸೆಟ್ಟಿನಿಂದ ಡಿಜಿಟಲ್ ಕಡತಕ್ಕೆ ದಾಟುತ್ತ ದಾಟುತ್ತ ಅದೇ ದನಿ ನಮ್ಮ ಮೊಬೈಲ್ ಫೋನಿಗೆ ಬಂದು ಸೇರಿದೆ. ಒಂದು ದೊಡ್ಡ ಸಂಸ್ಥೆ ಮಾಡಬೇಕಾಗಿದ್ದ ಕೆಲಸದ ಬಹುಭಾಗವನ್ನು ಮನೆಯಲ್ಲಿ ಕುಳಿತ ಒಬ್ಬ ಶ್ರೋತೃ ಮಾಡಿದರೆಂಬುದನ್ನು ನಮ್ಮ ಓದುಗರು ನೆನಪಿನಲ್ಲಿಡಬೇಕು. ನಮ್ಮ ಮುಂದಿನ ಮಾತಿಗೆ ಅದರ ಅಗತ್ಯವಿದೆ.

ಇಲ್ಲಿ ಕೆಲವರು ಒಂದು ಪ್ರಶ್ನೆ ಎತ್ತುವುದುಂಟು. ಕುರ್‌ಆನ್ ಹಾಫಿಝ್‌ಗಳ ಎದೆಯಲ್ಲಿ ಸುರಕ್ಷಿತವಾಗಿರುವಾಗ ಟೇಪಿನ ಹಂಗೇಕೆ? ಪ್ರಶ್ನೆ ನ್ಯಾಯವಾದದ್ದೇ. ಕುರ್‌ಆನಿನ ಪಾಠ ಯಾವ ಟೇಪಿನ ಮೇಲೂ ಅವಲಂಬಿಸಿಲ್ಲ. ಜಗತ್ತಿನ ಎಲ್ಲ ಧ್ವನಿಸುರುಳಿಗಳು ನಾಳೆ ಸುಟ್ಟುಹೋದರೂ ಅದರ ಒಂದಕ್ಷರವೂ ಕಳೆದುಹೋಗದು. ಆದರೆ ಯಮಾಮ ಯುದ್ಧದಲ್ಲಿ ಕುರ್‌ಆನ್ ಕಂಠಪಾಠವಿದ್ದ ಅನೇಕರು ಹುತಾತ್ಮರಾದಾಗ ಹಝ್ರತ್ ಅಬೂಬಕರ್(ರ) ಎದೆಗಳ ಮೇಲಿನ ನಂಬಿಕೆಯನ್ನು ಬಿಡದೆಯೇ ಬರಹದ ಸಂಕಲನಕ್ಕೂ ಆಜ್ಞಾಪಿಸಿದರು. ಆ ಹೊಣೆ ಹೊತ್ತ ಹಝ್ರತ್ ಝೈದ್ ಬಿನ್ ಸಾಬಿತ್(ರ) ಸ್ವತಃ ಹಾಫಿಝ್ ಆಗಿದ್ದರೂ ಕೇವಲ ತಮ್ಮ ನೆನಪನ್ನು ನೆಚ್ಚಿಕೊಳ್ಳದೆ, ತಂದ ಪ್ರತಿಯೊಂದು ಬರಹಕ್ಕೂ ಇಬ್ಬರು ಸಾಕ್ಷಿಗಳನ್ನು ಕೇಳಿದರೆಂದು ಇತಿಹಾಸ ಹೇಳುತ್ತದೆ. ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ದಾಟಿಸುವಾಗ ಎಷ್ಟು ಎಚ್ಚರ ಬೇಕು ಎಂಬುದಕ್ಕೆ ನಮ್ಮಲ್ಲಿರುವ ಮೊದಲ ಮಾದರಿ ಅದು.

ಇದೇ ಮಾದರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಈಜಿಪ್ಟಿನ ಲಬೀಬ್ ಅಸ್ಸಈದ್ 1959ರಲ್ಲಿ ಒಂದು ಪ್ರಸ್ತಾವ ಮುಂದಿಟ್ಟರು. ಕುರ್‌ಆನಿನ ಮೊದಲ ಸಂಕಲನ ಬರಹದಲ್ಲಾದಂತೆ ಇನ್ನೊಂದು ಸಂಕಲನ ದನಿಯಲ್ಲಾಗಬೇಕು ಎಂಬುದು ಅದರ ಸಾರ. ತಾವು ಬರೆದ ಗ್ರಂಥಕ್ಕೂ ಅವರು ‘ಪ್ರಥಮ ಧ್ವನಿ ಸಂಕಲನ’ ಎಂಬರ್ಥದ ಹೆಸರನ್ನೇ ಇಟ್ಟರು. ತಜ್‌ವೀದ್‌ನ ನಿಯಮಗಳನ್ನು ಪುಸ್ತಕದಲ್ಲಿ ಓದಿ ಕಲಿಯಲಾಗದು, ಕಿವಿಯಿಂದಲೇ ಕಲಿಯಬೇಕು. ಗುರುವಿನ ಬಾಯಿ ಎಲ್ಲ ಊರುಗಳಿಗೂ ಸಿಗುವುದಿಲ್ಲ. ಆದುದರಿಂದ ಪರಿಣತ ಖಾರಿಯೊಬ್ಬರು ಇಡೀ ಕುರ್‌ಆನನ್ನು ವಿದ್ವಾಂಸರ ಸಮಿತಿಯ ಮೇಲ್ವಿಚಾರಣೆಯಲ್ಲಿ ಓದಿ ಧ್ವನಿಮುದ್ರಿಸಬೇಕೆಂಬ ಯೋಜನೆ ಸಿದ್ಧವಾಯಿತು. ಹಫ್ಸ್ ರಿವಾಯತ್‌ನಲ್ಲಿ ಓದುವ ಹೊಣೆ ಶೈಖ್ ಮಹ್ಮೂದ್ ಖಲೀಲ್ ಅಲ್ ಹುಸರಿ ಅವರಿಗೆ ಬಂತು. 1961ರ ಜುಲೈಯಲ್ಲಿ ಆ ಪಾರಾಯಣ ಜಗತ್ತಿಗೆ ಬಿಡುಗಡೆಯಾಯಿತು. ‘ಅಲ್ ಮುಸ್‌ಹಫ್ ಅಲ್ ಮುರತ್ತಲ್’ ಎಂದು ಅದು ಪ್ರಸಿದ್ಧ. 1964ರ ಮಾರ್ಚ್ 25ರಂದು ಕೈರೋದಲ್ಲಿ ಕುರ್‌ಆನಿಗಾಗಿಯೇ ಮೀಸಲಾದ ಬಾನುಲಿ ಆರಂಭವಾದಾಗ ಮೊದಲು ಪ್ರಸಾರವಾದದ್ದೂ ಇದೇ. ಅಕ್ಷರ ತಿದ್ದಿದ ಕೆಲವು ಮುದ್ರಿತ ಪ್ರತಿಗಳು ಆ ದಿನಗಳಲ್ಲಿ ಹರಡುತ್ತಿದ್ದವು. ಅವಕ್ಕೆ ಉತ್ತರವಾಗಿ ಈ ದನಿಯನ್ನು ನಿಲ್ಲಿಸಲಾಯಿತು. ಮುದ್ರಣದ ತಪ್ಪನ್ನು ಹಿಡಿಯಲು ದನಿ ಸಾಕ್ಷಿಯಾದ ಈ ಪ್ರಸಂಗ ನಮಗೆ ಅತ್ಯಂತ ಅರ್ಥಪೂರ್ಣವಾಗಿ ತೋರುತ್ತದೆ.

ಇಷ್ಟೆಲ್ಲ ಸಾಧ್ಯವಾದದ್ದು ಒಂದು ತೆಳ್ಳಗಿನ ಪಟ್ಟಿಯಿಂದ. 1928ರಲ್ಲಿ ಜರ್ಮನಿಯ ಫ್ರಿಟ್ಸ್ ಫ್ಲಾಯ್ಮರ್ ಕಾಗದದ ಪಟ್ಟಿಗೆ ಕಬ್ಬಿಣದ ಪುಡಿ ಲೇಪಿಸಿ ಅದರಲ್ಲಿ ದನಿ ಹಿಡಿಯುವ ಹಕ್ಕುಸ್ವಾಮ್ಯ ಪಡೆದ. ಕಾಗದದ ಜಾಗಕ್ಕೆ ಪ್ಲಾಸ್ಟಿಕ್ ಬಂತು. ಎರಡನೆಯ ಮಹಾಯುದ್ಧದ ಬಳಿಕ ಟೇಪು ಜಗತ್ತಿನ ಬಾನುಲಿ ನಿಲಯಗಳನ್ನೆಲ್ಲ ಹೊಕ್ಕಿತು. 1963ರಲ್ಲಿ ಫಿಲಿಪ್ಸ್ ಕಂಪೆನಿ ಬರ್ಲಿನ್ ಪ್ರದರ್ಶನದಲ್ಲಿ ಕ್ಯಾಸೆಟ್ಟನ್ನು ಮುಂದಿಟ್ಟಿತು. ನಾಲ್ಕು ಮಿಲಿಮೀಟರಿಗೂ ಕಡಿಮೆ ಅಗಲದ ಟೇಪು, ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗ. ಇಷ್ಟು ನಿಧಾನವಾಗಿ ಓಡುವ, ಇಷ್ಟು ಕಿರಿದಾದ ಪಟ್ಟಿಯಿಂದ ಒಳ್ಳೆಯ ದನಿ ಬಾರದೆಂದು ಆರಂಭದಲ್ಲಿ ಯಾರೂ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಆದರೆ ಅದು ಜುಬ್ಬದ ಜೇಬಿನಲ್ಲಿ ಹಿಡಿಯುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಯಾರು ಬೇಕಾದರೂ ಅದರಲ್ಲಿ ಧ್ವನಿಮುದ್ರಿಸಬಹುದಿತ್ತು, ಯಾರು ಬೇಕಾದರೂ ನಕಲು ಮಾಡಬಹುದಿತ್ತು. ಕೈರೋದ ಪ್ರವಚನಕಾರ ಶೈಖ್ ಅಬ್ದುಲ್ ಹಮೀದ್ ಕಿಶ್ಕ್ ಅವರ ಖುತ್ಬಾಗಳು ಅರಬ್ ನಾಡುಗಳನ್ನೆಲ್ಲ ತಲುಪಿದ್ದು ಇಂತಹ ಕೈನಕಲುಗಳಿಂದಲೇ.

ಕ್ಯಾಸೆಟ್ಟು ನಮ್ಮ ಕರಾವಳಿಗೆ ಬಂದ ದಾರಿಯೂ ಅರಬ್ ನಾಡುಗಳದ್ದೇ. 1970ರ ದಶಕದಲ್ಲಿ ತೈಲದ ಬೆಲೆ ಏರಿ ಗಲ್ಫ್ ರಾಷ್ಟ್ರಗಳಲ್ಲಿ ದುಡಿಮೆಯ ಬಾಗಿಲು ತೆರೆದಾಗ ಮಂಗಳೂರು, ಉಳ್ಳಾಲ, ಭಟ್ಕಳದ ಕಡೆಯಿಂದ ಹೋದವರು ರಜೆಗೆ ಮರಳುವಾಗ ಹೊತ್ತು ತಂದ ಸಾಮಾನುಗಳಲ್ಲಿ ಟೂ ಇನ್ ವನ್ ಟೇಪ್ ರೆಕಾರ್ಡರಿಗೆ ಮೊದಲ ಸ್ಥಾನ. ಜೊತೆಗೆ ಅಬ್ದುಲ್ ಬಾಸಿತ್, ಮಿನ್‌ಶಾವಿ, ಹುಸರಿಯವರ ಕ್ಯಾಸೆಟ್ಟುಗಳು. ಪೆಟ್ಟಿಗೆಯಲ್ಲಿ ಖಾಲಿ ಕ್ಯಾಸೆಟ್ಟುಗಳೂ ಇರುತ್ತಿದ್ದವು. ಚರಿತ್ರೆಯ ದೃಷ್ಟಿಯಿಂದ ಇಂದು ಬೆಲೆಬಾಳುವುದು ಆ ಖಾಲಿ ಕ್ಯಾಸೆಟ್ಟುಗಳೇ. ಅವುಗಳಲ್ಲಿ ಮಸೀದಿಯ ಅಂಗಳದ ರಾತ್ರಿ ಮತಪ್ರಸಂಗಗಳು ತುಂಬಿಕೊಂಡವು. ನಿಕಾಹ್ ಮಜ್ಲಿಸ್‌ನ ದುಆಗಳು, ಮದ್ರಸ ವಾರ್ಷಿಕೋತ್ಸವದಲ್ಲಿ ಮಕ್ಕಳು ತೊದಲಿದ ಓದು ತುಂಬಿಕೊಂಡಿತು. ಓದುಬರಹ ಬಾರದ ಉಮ್ಮಂದಿರು ಮರಳುಗಾಡಿನಲ್ಲಿದ್ದ ಮಕ್ಕಳಿಗೆ ಪತ್ರದ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳುಹಿಸಿದರು. ಮಗ ಅದರ ಇನ್ನೊಂದು ಬದಿಯಲ್ಲಿ ಉತ್ತರ ತುಂಬಿ, ಊರಿಗೆ ಹೊರಟವರ ಕೈಯಲ್ಲಿ ಮರಳಿಸಿದ.

ಕುರ್‌ಆನಿನ ಪಾಠಕ್ಕೆ ಟೇಪಿನ ಹಂಗಿಲ್ಲವೆಂದು ನಾವು ಮೇಲೆ ಹೇಳಿದೆವು. ಈ ಸುರುಳಿಗಳ ವಿಷಯದಲ್ಲಿ ಆ ಮಾತನ್ನು ಹೇಳಲಾಗದು. ಇವುಗಳಿಗೆ ಹಾಫಿಝ್‌ಗಳಿಲ್ಲ. ಬ್ಯಾರಿ ಭಾಷೆಯನ್ನೇ ನೋಡಿ. ತಲೆಮಾರುಗಳ ಕಾಲ ಅದು ಬಾಯಿಂದ ಬಾಯಿಗೆ ನಡೆದು ಬಂದ ಭಾಷೆ. ಅದರ ಸಾಹಿತ್ಯ ಅಕಾಡೆಮಿ ಸ್ಥಾಪನೆಯಾದದ್ದೇ 2007ರಲ್ಲಿ. ನಲವತ್ತು ವರ್ಷಗಳ ಹಿಂದೆ ನಮ್ಮ ಹಿರಿಯರು ಬ್ಯಾರಿಯಲ್ಲಿ ಹೇಗೆ ಉಪದೇಶಿಸುತ್ತಿದ್ದರು, ಯಾವ ಪದ ಬಳಸುತ್ತಿದ್ದರು, ಕನ್ನಡ ಎಲ್ಲಿ ಬೆರೆಯುತ್ತಿತ್ತು, ಅರಬಿ ಮಲಯಾಳಂ ಎಲ್ಲಿ ಇಣುಕುತ್ತಿತ್ತು ಎಂಬುದಕ್ಕೆ ಪುಸ್ತಕಕ್ಕಿಂತ ಕ್ಯಾಸೆಟ್ಟು ಹೆಚ್ಚು ಬಲವಾದ ಆಧಾರ. ಭಟ್ಕಳದ ನವಾಯತಿಗೂ ಉತ್ತರ ಕರ್ನಾಟಕದ ದಖ್ಖನಿಗೂ ಈ ಮಾತು ಅನ್ವಯಿಸುತ್ತದೆ.

ಆದರೆ ಟೇಪಿಗೆ ಆಯುಷ್ಯವಿದೆ. ಕಬ್ಬಿಣದ ಆಕ್ಸೈಡ್ ಕಣಗಳನ್ನು ಪ್ಲಾಸ್ಟಿಕ್ಕಿಗೆ ಅಂಟಿಸಿ ಹಿಡಿದ ಲೇಪ ತೇವವನ್ನು ಹೀರಿ ಸಡಿಲಗೊಳ್ಳುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು ಹಿಡಿಯುತ್ತದೆ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಪುಟ್ಟ ಪ್ಯಾಡ್ ಅಂಟು ಬಿಟ್ಟು ಉದುರುತ್ತದೆ. ಎರಡು ಗಂಟೆ ಹಿಡಿಯುವ 120ರ ಕ್ಯಾಸೆಟ್ಟಿನ ಟೇಪು ಅರುವತ್ತರದ್ದರ ಅರ್ಧದಷ್ಟೇ ದಪ್ಪ. ಯಂತ್ರ ಮೊದಲು ನುಂಗುವುದು ಅದನ್ನೇ. ಅಂಗಡಿಯಲ್ಲಿ ಒಂದು ಕ್ಯಾಸೆಟ್ಟಿನ ಹಣ ಉಳಿಸಲೆಂದು ಉದ್ದದ ಮತಪ್ರಸಂಗಗಳನ್ನೆಲ್ಲ 120ರಲ್ಲೇ ತುಂಬಿಸಿದ ನಮ್ಮ ಜನರ ಮಿತವ್ಯಯ ಇಂದು ದುಬಾರಿಯಾಗಿ ಪರಿಣಮಿಸಿದೆ. ಟೇಪು ಚೆನ್ನಾಗಿದ್ದರೂ ನುಡಿಸುವ ಯಂತ್ರ ಬೇಕಲ್ಲ! ಯುನೆಸ್ಕೋ 2019ರಲ್ಲಿ ಜಗತ್ತಿನಾದ್ಯಂತ ಎಚ್ಚರಿಕೆಯ ಒಂದು ಯೋಜನೆಯನ್ನೇ ಹಮ್ಮಿಕೊಂಡಿತು. ಬಿಡಿಭಾಗಗಳೂ ದುರಸ್ತಿ ಬಲ್ಲವರೂ ಇಲ್ಲವಾಗಿ 2025ರ ಸುಮಾರಿಗೆ ಟೇಪುಗಳನ್ನು ದಾಟಿಸುವ ಕೆಲಸವೇ ಕಷ್ಟವಾಗಲಿದೆ ಎಂಬ ತಜ್ಞರ ಅಂದಾಜು ಅದರ ಹಿನ್ನೆಲೆಯಲ್ಲಿತ್ತು. ಆ ವರ್ಷ ಬಂದೇ ಬಿಟ್ಟಿತು.

ದಾಟಿಸುವ ಕೆಲಸ ತಾಂತ್ರಿಕವಾಗಿ ಕಠಿಣವಲ್ಲ. ಸುಸ್ಥಿತಿಯಲ್ಲಿರುವ ಒಂದು ಡೆಕ್, ಅದರ ದನಿಯನ್ನು ಕಂಪ್ಯೂಟರಿಗೆ ಒಯ್ಯುವ ಒಂದು ಪುಟ್ಟ ಉಪಕರಣ, ಧ್ವನಿಮುದ್ರಿಸುವ ಯಾವುದಾದರೊಂದು ತಂತ್ರಾಂಶ ಇದ್ದರೆ ಸಾಕು. ಮೊದಲು ಕ್ಯಾಸೆಟ್ಟಿನ ಮೇಲಂಚಿನ ಎರಡು ಪುಟ್ಟ ಕಿವಿಗಳನ್ನು ಮುರಿದುಬಿಡಬೇಕು. ಆಮೇಲೆ ಯಾರ ಕೈ ತಪ್ಪಿದರೂ ಹಳೆಯದು ಅಳಿಸಿಹೋಗದು. ಬೂಷ್ಟು ಹಿಡಿದ ಟೇಪನ್ನು ಶುಚಿಗೊಳಿಸದೆ ಡೆಕ್ಕಿಗೆ ಹಾಕಿದರೆ ಆ ಬೂಷ್ಟು ಮುಂದಿನ ಟೇಪಿಗೂ ಹತ್ತುತ್ತದೆ. ದನಿ ಮಂಕಾಗಿ ಕೇಳಿದರೆ ಟೇಪು ಹಾಳಾಗಿದೆಯೆಂದು ಕೈಚೆಲ್ಲಬಾರದು. ಹೆಡ್ಡಿನ ಕೋನ ತುಸು ವಾಲಿದ್ದರೂ ಹಾಗಾಗುತ್ತದೆ, ಅದರ ಪಕ್ಕದ ಸಣ್ಣ ತಿರುಪನ್ನು ಬಲ್ಲವರಿಂದ ಸರಿಪಡಿಸಬಹುದು. ಮೂಲಪ್ರತಿಯನ್ನು ಎಂಪಿ3 ರೂಪದಲ್ಲಿಡಬಾರದು. ಕಡತ ಚಿಕ್ಕದಾಗಲೆಂದು ಅದು ಕಿವಿಗೆ ಸುಲಭವಾಗಿ ತಿಳಿಯದ ಅಂಶಗಳನ್ನು ಕತ್ತರಿಸುತ್ತದೆ, ಕತ್ತರಿಸಿದ್ದು ಮರಳಿ ಬಾರದು. ವೇವ್ ರೂಪದಲ್ಲಿ 24 ಬಿಟ್, 96 ಕಿಲೋಹರ್ಟ್ಸ್ ಪ್ರಮಾಣದಲ್ಲಿ ಉಳಿಸಿದರೆ ಒಂದು ಗಂಟೆಗೆ ಸುಮಾರು 2 ಗಿಗಾಬೈಟ್ ಆದೀತು. ಹಂಚಲು ಎಂಪಿ3 ನಕಲು ಬೇರೆ ಮಾಡಿಕೊಳ್ಳಬಹುದು.

ತಜ್‌ವೀದ್ ಕಲಿಸುವವರಾಗಿ ನಾವು ವಿಶೇಷವಾಗಿ ಹೇಳಬೇಕಾದ ಒಂದು ಮಾತಿದೆ. ಹಳೆಯ ಟೇಪಿನ ಹಿನ್ನೆಲೆಯಲ್ಲಿ ಸುಯ್ಯೆಂಬ ಸದ್ದು ಸಹಜ. ಅದನ್ನು ಅಳಿಸುವ ಗುಂಡಿ ಎಲ್ಲ ತಂತ್ರಾಂಶಗಳಲ್ಲೂ ಇದೆ. ಉತ್ಸಾಹಿ ಯುವಕರು ಮೊದಲು ಒತ್ತುವುದೂ ಅದನ್ನೇ. ಅರಬಿಯಲ್ಲಿ ‘ಹಮ್ಸ್’ ಗುಣವುಳ್ಳ ಹತ್ತು ಅಕ್ಷರಗಳಿವೆ. ಸೀನ್, ಸಾದ್, ಸಾ, ಶೀನ್, ಫಾ, ಹಾ ಮೊದಲಾದ ಇವುಗಳನ್ನು ಉಚ್ಚರಿಸುವಾಗ ಉಸಿರು ಹರಿಯಬೇಕು. ಆ ಉಸಿರಿನ ಸದ್ದಿಗೂ ಟೇಪಿನ ಸುಯ್ಯೆಂಬ ಸದ್ದಿಗೂ ಇರುವ ವ್ಯತ್ಯಾಸ ಯಂತ್ರಕ್ಕೆ ಸರಿಯಾಗಿ ತಿಳಿಯದು. ಎರಡನ್ನೂ ಒಟ್ಟಿಗೆ ಒರೆಸಿಹಾಕುತ್ತದೆ. ಪಾರಾಯಣ ನಿರ್ಮಲವಾಗಿ ಕೇಳುತ್ತದೆ, ಅಕ್ಷರ ಅರೆಜೀವವಾಗಿರುತ್ತದೆ. ವೇಗದ ವಿಷಯವೂ ಹೀಗೆಯೇ. ಡೆಕ್ ನೂರಕ್ಕೆ ಆರರಷ್ಟು ವೇಗವಾಗಿ ಓಡಿದರೆ ಖಾರಿಯ ಸ್ವರ ಅರ್ಧ ಮೆಟ್ಟಿಲು ಮೇಲೇರುತ್ತದೆ, ಮದ್ದ್‌ನ ದೀರ್ಘಗಳೂ ಕುಗ್ಗುತ್ತವೆ. ಆದುದರಿಂದ ಮೂಲಪ್ರತಿಯಲ್ಲಿ ಕೆಮ್ಮು, ಹಿನ್ನೆಲೆಯ ಮಗುವಿನ ಅಳು, ಮಳೆಯ ಸದ್ದು ಎಲ್ಲವೂ ಇದ್ದಂತೆಯೇ ಇರಲಿ. ಶುಚಿಗೊಳಿಸುವ ಆಸೆಯಿದ್ದರೆ ನಕಲಿನಲ್ಲಿ ತೀರಿಸಿಕೊಳ್ಳಬಹುದು.

ಇನ್ನು ಸನದ್. ಹೆಸರಿಲ್ಲದ ಕಡತ ತಬ್ಬಲಿ. ಇಂದು ಮೊಬೈಲಿನಲ್ಲಿ ಸುತ್ತುವ ಹಳೆಯ ಪ್ರವಚನಗಳಲ್ಲಿ ಎಷ್ಟಕ್ಕೆ ಮಾತಾಡಿದವರ ನಿಜವಾದ ಹೆಸರಿದೆ? ಒಬ್ಬ ವಿದ್ವಾಂಸರ ಮಾತು ಇನ್ನೊಬ್ಬರ ಭಾವಚಿತ್ರದೊಂದಿಗೆ ತಿರುಗುವುದನ್ನು ನಾವೆಲ್ಲ ಕಂಡಿದ್ದೇವೆ. ಮಾತಾಡಿದವರು ಯಾರು, ಯಾವ ಊರು, ಯಾವ ಸಂದರ್ಭ, ಕ್ಯಾಸೆಟ್ಟು ಯಾರ ಮನೆಯದ್ದು, ಡಿಜಿಟಲ್‌ಗೆ ಇಳಿಸಿದವರು ಯಾರು, ಯಾವ ದಿನ ಎಂಬಿಷ್ಟನ್ನು ಕಡತದ ಜೊತೆಗೇ ಬರೆದಿಡಬೇಕು. ಕ್ಯಾಸೆಟ್ಟಿನ ಮೇಲಿನ ಕೈಬರಹದ ಚೀಟಿಯ ಚಿತ್ರವನ್ನೂ ತೆಗೆದಿಟ್ಟುಕೊಳ್ಳಬೇಕು. ಗೊತ್ತಿಲ್ಲದ್ದನ್ನು ಊಹಿಸಿ ತುಂಬಬಾರದು. ಹದೀಸ್ ವಿದ್ವಾಂಸರು ಹೆಸರು ಹೇಳದ ವರದಿಗಾರನನ್ನು ‘ಮುಬ್‌ಹಮ್’ ಎಂದು ಬರೆದು ಅಲ್ಲಿಗೇ ಬಿಟ್ಟರೇ ಹೊರತು ತಮಗೆ ತೋಚಿದ ಹೆಸರನ್ನು ಸೇರಿಸಲಿಲ್ಲ.

ಮನೆಯ ಧ್ವನಿಪತ್ರಗಳಿಗೆ ಇನ್ನೊಂದು ಎಚ್ಚರ ಬೇಕು. ಅವು ಒಬ್ಬರಿಗೆಂದು ಹೇಳಿದ ಮಾತುಗಳು, ಅಮಾನತ್. ಸಾಲದ ವಿಚಾರ, ಸೊಸೆಯ ವಿಚಾರ, ಕಣ್ಣೀರು ಎಲ್ಲವೂ ಅಲ್ಲಿರುತ್ತದೆ. ಡಿಜಿಟಲ್‌ಗೆ ಇಳಿಸುವುದೆಂದರೆ ಊರಿಗೆಲ್ಲ ಹಂಚುವುದೆಂದಲ್ಲ. ಮನೆಯವರ ಒಪ್ಪಿಗೆಯಿಲ್ಲದೆ ಅವು ಮನೆಯ ಹೊಸ್ತಿಲು ದಾಟಬಾರದು. ಕೇಳಿದವರಿಗೆಲ್ಲ ಕೊಡಬಹುದಾದದ್ದು ಮಸೀದಿಯ ಅಂಗಳದಲ್ಲಿ ಸಾರ್ವಜನಿಕವಾಗಿ ನಡೆದ ಪ್ರವಚನಗಳನ್ನು ಮಾತ್ರ.

ಈ ಕೆಲಸದಲ್ಲಿ ಒಳದಾರಿಯಿಲ್ಲ. ಒಂದು ಗಂಟೆಯ ಕ್ಯಾಸೆಟ್ಟು ದಾಟಲು ಒಂದು ಗಂಟೆಯೇ ಬೇಕು, ಯಾರಾದರೊಬ್ಬರು ಪಕ್ಕದಲ್ಲಿ ಕುಳಿತು ಕೇಳುತ್ತಿರಬೇಕು. ಜಮಾಅತಿನ ಮನೆಗಳಿಂದೆಲ್ಲ ಸೇರಿ ನೂರು ಕ್ಯಾಸೆಟ್ಟು ಸಿಕ್ಕಿತೆನ್ನೋಣ. ಮದ್ರಸದ ಒಂದು ಮೂಲೆಯಲ್ಲಿ ಡೆಕ್ ಇಟ್ಟು, ಇಶಾ ನಮಾಝಿನ ಬಳಿಕ ಇಬ್ಬರು ಹುಡುಗರು ದಿನಕ್ಕೊಂದರಂತೆ ಕುಳಿತರೆ ಮುಗಿಯಲು ಮೂರು ತಿಂಗಳ ಮೇಲೆ ಹತ್ತು ದಿನ.